ಗೆರೆಯಿಂದ ಒಂದು ಗೇಣು

ಸುಣ್ಣದಕ್ಕನಿಗೆ ಕೋಚ್ ಸಾರ್ ಅವರ ಮಂಡಿಯ ಮೇಲೂ ಹೊಟ್ಟೆಕಿಚ್ಚಿತ್ತು.

ಅವರ ಕುರ್ಚಿ, ಸೀಟಿ, ನೀಲಿ ಜಾಕೆಟ್ಟು, ಕೊರಳಲ್ಲಿ ನೇತಾಡುವ ಸ್ಟಾಪ್‌ವಾಚು, ಇವುಗಳ ಮೇಲೆ ಕಿಚ್ಚಿದ್ದದ್ದು ಯಾರಿಗಾದರೂ ಅರ್ಥವಾಗುತ್ತಿತ್ತು. ಮಂಡಿಯ ಮೇಲೆ ಯಾಕೆ? ಯಾಕೆಂದರೆ ಇಬ್ಬರಿಗೂ ನಲವತ್ತಾರು. ಅವರು ಮೆಟ್ಟಿಲನ್ನು ಎರಡೆರಡು ಹಾರಿ ಹತ್ತುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ನೆಲಕ್ಕೆ ಬಗ್ಗಿದ್ದರೆ ತಾನೆ ಮಂಡಿ ಸವೆಯೋದಕ್ಕೆ. ಇವಳದು ಎರಡೂ ಬೆಳಗ್ಗೆ ಏಳುವಾಗ ಕಿರುಗುಟ್ಟುತ್ತಿದ್ದವು. ಹಾಸಿಗೆಯಿಂದ ಎದ್ದು ಗೋಡೆ ಹಿಡಿದು ನಿಂತು, ಮೊದಲು ಎಡಗಾಲು, ಆಮೇಲೆ ಬಲಗಾಲು, ಹೀಗೆ ಒಪ್ಪಿಸಿ ಒಪ್ಪಿಸಿ ನಡೆಸಬೇಕಿತ್ತು.

ಅವಳ ಕೆಲಸ ಕಾಲೇಜಿನ ಓಟದ ಮೈದಾನದ್ದು. ಮಣ್ಣಿನ ಟ್ರ್ಯಾಕಿಗೆ ನೀರು ಹೊಡೆಯಬೇಕು. ರೋಲರ್ ಎಳೆಯಬೇಕು. ನೆಲಕ್ಕೆ ಹೊಡೆದ ಮೊಳೆಯಿಂದ ಮೊಳೆಗೆ ದಾರ ಕಟ್ಟಿ, ಅದರ ಗುಂಟ ಸುಣ್ಣದ ಪುಡಿಯ ಗಾಡಿ ತಳ್ಳಿ ಬಿಳಿ ಗೆರೆ ಎಳೆಯಬೇಕು. ಬೆವರಿಗೆ ಸುಣ್ಣ ಸೇರಿದರೆ ಬೆರಳ ಸಂದು ಬೇಯುತ್ತದೆ. ಹಿಮ್ಮಡಿ ಒಡೆಯುತ್ತದೆ. ಆಫೀಸಿನ ಪುಸ್ತಕದಲ್ಲಿ ಅವಳು 'ಮೈದಾನ ಕೂಲಿ, ತಾತ್ಕಾಲಿಕ'. ಇಪ್ಪತ್ತೆರಡು ವರ್ಷದ ತಾತ್ಕಾಲಿಕ.

ಪುಸ್ತಕದಲ್ಲಿಲ್ಲದ ಕೆಲಸ ಇನ್ನೊಂದಿತ್ತು. ಬೆಳಗ್ಗೆ ಆರರಿಂದ ಎಂಟರವರೆಗೆ ಹುಡುಗಿಯರನ್ನು ಓಡಿಸುವವಳು ಅವಳೇ. ಮೊದಲ ಸುತ್ತಿನಲ್ಲಿ ಎಷ್ಟು ಉಸಿರು ಉಳಿಸಬೇಕು, ಕೊನೇ ತಿರುವಿನಲ್ಲಿ ಯಾವಾಗ ಬಿಡಬೇಕು, ಭುಜ ಯಾಕೆ ಕಿವಿಗೇರಬಾರದು, ಮುಟ್ಟಿನ ದಿನ ಏನು ಮಾಡಬೇಕು, ಎಲ್ಲ ಅವಳ ಬಾಯಿಂದಲೇ. ಎಂಟಕ್ಕೆ ಕೋಚ್ ಸಾರ್ ಬರುತ್ತಿದ್ದರು. ಸೀಟಿ ಊದುತ್ತಿದ್ದರು. ಹುಡುಗಿಯರು ಬಿಸಿಯಾಗಿರುತ್ತಿದ್ದರು, ತಯಾರಾಗಿರುತ್ತಿದ್ದರು, ಸುಟ್ಟು ಹದ ಮಾಡಿದ ರೊಟ್ಟಿಯನ್ನು ತಟ್ಟೆಗೆ ಹಾಕಿಕೊಟ್ಟ ಹಾಗೆ. ಅವರು ವಾಚು ಒತ್ತುತ್ತಿದ್ದರು. ಅಷ್ಟೇ.

ಪದಕ ಬಂದ ಮಾರನೆ ದಿನ ಪೇಪರಿನಲ್ಲಿ ಹುಡುಗಿಯ ಭುಜದ ಮೇಲೆ ಅವರ ಕೈ. ಒಂದೇ ಒಂದು ಸಲ ಫೋಟೋದ ಮೂಲೆಯಲ್ಲಿ ಸುಣ್ಣದಕ್ಕನ ಮೊಣಕೈ ಬಂದಿತ್ತು. ಅವಳ ಗಂಡ ದರ್ಜಿ, ನಾಲಿಗೆ ಸುಮ್ಮನಿರದ ಮನುಷ್ಯ. ಅದನ್ನು ಕತ್ತರಿಸಿ ಹೊಲಿಗೆ ಮಿಷಿನ್ನಿನ ಮೇಲೆ ಅಂಟಿಸಿ, ನನ್ನ ಹೆಂಡತಿ ಪೇಪರಲ್ಲಿ ಬಂದಿದಾಳೆ ಅಂತ ಬಂದ ಗಿರಾಕಿಗಳಿಗೆಲ್ಲ ಮೊಣಕೈ ತೋರಿಸಿದ. ಅವಳೂ ನಕ್ಕಳು. ನಕ್ಕು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಂದು ಕಾಲಕ್ಕೆ ಇಬ್ಬರೂ ಇದೇ ಕಾಲೇಜಿನ ತಂಡದಲ್ಲಿದ್ದವರು. ಅವಳು ಎಂಟುನೂರು ಮೀಟರು ಓಡುತ್ತಿದ್ದಳು, ಎರಡು ವರ್ಷ ಯಾರೂ ಅವಳ ಮುಂದೆ ಹೋಗಿರಲಿಲ್ಲ. ಅವರು ಉದ್ದ ಜಿಗಿತ. ಮೂರನೇ ಸ್ಥಾನದ ಆಚೆ ಎಂದೂ ಜಿಗಿದವರಲ್ಲ. ಕೋಚ್ ಆಗುವ ಒಂದು ವರ್ಷದ ಕೋರ್ಸಿಗೆ ಕಾಲೇಜು ಒಬ್ಬರನ್ನು ಕಳಿಸುವುದಿತ್ತು. ಆಗಿನ ಪ್ರಿನ್ಸಿಪಾಲರು ಅವಳ ಎದುರೇ ಹೇಳಿದ್ದರು, ಈ ಹುಡುಗಿ ನಾಳೆ ಮದುವೆಯಾಗಿ ಹೋಗ್ತಾಳೆ, ಕಲಿಸಿದ್ದು ವೇಸ್ಟು, ಆ ಹುಡುಗನ್ನೇ ಕಳಿಸಿ. ಹುಡುಗ ಹೋದ, ಸಾರ್ ಆಗಿ ಬಂದ. ಅವಳು ಮದುವೆಯಾದಳು, ಎಲ್ಲಿಗೂ ಹೋಗಲಿಲ್ಲ. ಮೈದಾನ ಬಿಟ್ಟಿರಲಾರದೆ ಸುಣ್ಣದ ಗಾಡಿಗೆ ಸೇರಿಕೊಂಡಳು. ಅವತ್ತು ಹತ್ತಿದ ಉರಿ ಆರಲೇ ಇಲ್ಲ. ನಿನ್ನ ಹೊಟ್ಟೇಲಿ ಉರೀತಿರೋದ್ರಲ್ಲಿ ನಮ್ಮ ಮನೆ ಅನ್ನ ಬೇಯಿಸಬಹುದು, ಗ್ಯಾಸ್ ಉಳಿಯುತ್ತೆ ಅಂತ ಗಂಡ ಅನ್ನುತ್ತಿದ್ದ.

ಈಗ ಆ ಕುರ್ಚಿ ಖಾಲಿಯಾಗುವುದಿತ್ತು. ಕೋಚ್ ಸಾರ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆಗಿ ತಿಂಗಳ ಕೊನೆಗೆ ಹೊರಟಿದ್ದರು. ಸುಣ್ಣದಕ್ಕ ಅರ್ಜಿ ಹಿಡಿದು ಆಫೀಸಿಗೆ ಹೋದಳು. ಕಾಲೇಜಿನ ಈಗಿನ ಪ್ರಿನ್ಸಿಪಾಲ್ ಮೇಡಂ ಕನ್ನಡಕದ ಮೇಲಿಂದ ನೋಡಿ, ಕೋರ್ಸಿನ ಸರ್ಟಿಫಿಕೇಟು ಇಲ್ಲದಿದ್ದರೆ ಹದಿನೈದು ವರ್ಷ ತರಬೇತಿ ಕೊಟ್ಟ ಅನುಭವದ ಪತ್ರ ಬೇಕು, ಅದನ್ನು ಇಲ್ಲಿನ ಕೋಚೇ ಬರೆದು ಸಹಿ ಹಾಕಬೇಕು ಅಂದರು. ಅಂದರೆ, ಹುಡುಗಿಯರನ್ನು ತಯಾರು ಮಾಡಿದ್ದು ಇವಳು ಅಂತ ಆ ಮನುಷ್ಯ ತನ್ನ ಕೈಯಾರೆ ಬರೆದುಕೊಡಬೇಕು. ಯಾರ ಹೆಸರು ಕೇಳಿದರೆ ಮೈ ಉರಿಯುತ್ತದೋ ಅವರ ಸಹಿ ಇಲ್ಲದೆ ಇವಳು ಕೂಲಿಯಾಗಿಯೇ ಸಾಯಬೇಕು.

ಕೇಳಿದಳು. ಅವರು ನಕ್ಕು, ಬರೆದುಕೊಡೋಣ ಬಿಡು, ಶುಕ್ರವಾರದ ಆಯ್ಕೆ ಓಟ ಒಂದು ಮುಗೀಲಿ ಅಂದರು.

ಆ ಶುಕ್ರವಾರದಲ್ಲೇ ಎಲ್ಲ ಇದ್ದದ್ದು.

ಎರಡು ವರ್ಷದ ಹಿಂದೆ ಮೈದಾನದಡಿ ಚರಂಡಿ ಪೈಪು ಹಾಕಲು ಅಗೆದು, ಟ್ರ್ಯಾಕನ್ನು ಹೊಸದಾಗಿ ಅಳೆದು ಮೊಳೆ ಹೊಡೆಯಬೇಕಾಯಿತು. ಒಂದು ಸುತ್ತು ನಾನೂರು ಮೀಟರಿರಬೇಕು. ಕೋಚ್ ಸಾರ್ ಹೊಸ ಸ್ಟೀಲ್ ಟೇಪು ಹಿಡಿದು, ಸುತ್ತ ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು, ಒಳಗಿನ ಗೆರೆಯ ಮೇಲೇ ಟೇಪು ಹಾಸಿ ನಾನೂರು ಅಳೆದರು. ಸುಣ್ಣದಕ್ಕ ತಡೆಯಲಾರದೆ ಹೇಳಿದಳು, ಸಾರ್, ಗೆರೆ ಮೇಲೆ ಯಾರೂ ಓಡಲ್ಲ, ಗೆರೆಯಿಂದ ಒಂದು ಗೇಣು ಆಚೆ ಓಡ್ತಾರೆ, ಆ ಗೇಣು ಬಿಟ್ಟು ಅಳೀಬೇಕು. ಅವರು ಹುಡುಗರ ಕಡೆ ತಿರುಗಿ, ಗೆರೆ ಇರೋದು ಇಲ್ಲಿ, ಅಕ್ಕಂಗೆ ಗಾಳಿ ಅಳೀಬೇಕಂತೆ ಅಂದರು. ಎಲ್ಲರೂ ನಕ್ಕರು. ವಾರಗಟ್ಟಲೆ ಹುಡುಗರು ಅವಳನ್ನು ನೋಡಿದಾಗೆಲ್ಲ ಗಾಳಿಯಲ್ಲಿ ಕೈಯಗಲಿಸಿ ಅಳೆದು ತೋರಿಸುತ್ತಿದ್ದರು.

ಅವಳು ಸರಿಯಿದ್ದಳು. ಇದು ಹಳೇ ಓಟಗಾರರಿಗೆಲ್ಲ ಗೊತ್ತಿರುವ ಲೆಕ್ಕ. ಗೆರೆಯ ಮೇಲೆ ನಾನೂರು ಬಂದರೆ ಓಡುವ ಕಾಲಿಗೆ ನಾನೂರ ಒಂದೂಕಾಲು ಮೀಟರು ಬೀಳುತ್ತದೆ. ಎಂಟುನೂರರ ಎರಡು ಸುತ್ತಿಗೆ ಎರಡೂವರೆ ಮೀಟರು ಹೆಚ್ಚು. ಗಡಿಯಾರದಲ್ಲಿ ಅರ್ಧ ಸೆಕೆಂಡಿಗೆ ತುಸು ಕಡಿಮೆ.

ಹೇಳಬಹುದಿತ್ತು. ಮೇಡಂಗೆ ಹೇಳಬಹುದಿತ್ತು, ಮತ್ತೆ ಮತ್ತೆ ಅವರಿಗೇ ಹೇಳಬಹುದಿತ್ತು. ಹೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯಾಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮನುಷ್ಯನಿಗೆ ಗೊತ್ತಿಲ್ಲದ್ದೊಂದು ತನಗೆ ಗೊತ್ತಿತ್ತು. ದಿನಾ ಬೆಳಗ್ಗೆ ಆ ತಪ್ಪು ಮೊಳೆಗಳ ಗುಂಟ ಸುಣ್ಣ ಬಿಡುತ್ತಾ, ಇರಲಿ, ಒಂದು ದಿನ ದೊಡ್ಡವರ ಮುಂದೆ ಒಡೆಯುತ್ತದೆ, ಅವತ್ತು ಆ ಮುಖ ನೋಡಬೇಕು ಅಂದುಕೊಳ್ಳುತ್ತಿದ್ದಳು. ಬೇರೆಯವರು ಚಿನ್ನ ಬಚ್ಚಿಟ್ಟುಕೊಂಡ ಹಾಗೆ ಅವಳು ಆ ತಪ್ಪನ್ನು ಬಚ್ಚಿಟ್ಟುಕೊಂಡಿದ್ದಳು.

ಹೋದ ವರ್ಷದ ಆಯ್ಕೆ ಓಟದಲ್ಲಿ ಅದು ಒಡೆಯಿತು. ಆದರೆ ಒಡೆದದ್ದು ಕೊಕ್ಕರೆಯ ಮೇಲೆ.

ಕೊಕ್ಕರೆ ಅಂದರೆ ಎಂಟುನೂರು ಓಡುವ ಹುಡುಗಿ. ಉದ್ದ ಕಾಲು, ಮಾತು ಕಡಿಮೆ. ಅವಳಮ್ಮ ಅದೇ ಕಾಲೇಜಿನ ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ವಿಶ್ವವಿದ್ಯಾಲಯದ ತಂಡಕ್ಕೆ ಸೇರಲು ಎರಡು ನಿಮಿಷ ಹದಿನಾಲ್ಕು ಸೆಕೆಂಡಿನೊಳಗೆ ಓಡಬೇಕಿತ್ತು. ತಂಡ ಸೇರಿದರೆ ಮುಂದಿನ ಓದು, ಊಟ, ಹಾಸ್ಟೆಲು ಎಲ್ಲ ಅವರದೇ. ಹುಡುಗಿ ಎರಡು ಹದಿನಾಲ್ಕರ ಮೇಲೆ ಸೆಕೆಂಡಿನ ಹತ್ತರಲ್ಲಿ ಮೂರು ಪಾಲಿಗೆ ಗೆರೆ ಮುಟ್ಟಿದಳು. ಕೋಚ್ ಸಾರ್ ಎಲ್ಲರ ಮುಂದೆ, ಎರಡನೇ ಸುತ್ತಿನ ಹಿಂಬದಿಯ ನೇರ ಹಾದಿಯಲ್ಲಿ ನಿದ್ದೆ ಹೊಡೆದೆ, ನಿನಗೆ ಹಸಿವಿಲ್ಲ ಅಂದರು. ಹಸಿವಿಲ್ಲ ಅಂತ ಆ ಹುಡುಗಿಗೆ ಹೇಳಿದರು. ಅವಳು ಬೂಟಿನ ದಾರ ಬಿಚ್ಚುತ್ತಾ ತಲೆ ತಗ್ಗಿಸಿ ಕೂತಿದ್ದಳು. ಸುಣ್ಣದಕ್ಕ ಬಕೆಟ್ಟು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಮನಸ್ಸಿನಲ್ಲೇ ಅರ್ಧ ಸೆಕೆಂಡು ಕಳೆದು ನೋಡಿದಳು. ಹದಿನಾಲ್ಕರ ಒಳಗೇ ಬಂತು. ಆಗಲೂ ತುಟಿ ಪಿಟಕ್ಕೆನ್ನಲಿಲ್ಲ. ಈಗ ಹೇಳಿದರೆ ಒಂದು ವರ್ಷ ಯಾಕೆ ಸುಮ್ಮನಿದ್ದೆ ಅಂತ ಕೇಳುತ್ತಾರಲ್ಲ.

ಇದು ಹುಡುಗಿಯ ಕೊನೇ ವರ್ಷ. ಗಡಿ ಅದೇ ಎರಡು ಹದಿನಾಲ್ಕು. ಅಭ್ಯಾಸದಲ್ಲಿ ದಿನಾ ಅದರ ಮೇಲೆ ಸೆಕೆಂಡಿನ ಹತ್ತರಲ್ಲಿ ಒಂದೋ ಎರಡೋ ಪಾಲು ಬೀಳುತ್ತಿತ್ತು.

ಗುರುವಾರ ಮಧ್ಯಾಹ್ನ ಕೋಚ್ ಸಾರ್ ಅವಳನ್ನು ರೂಮಿಗೆ ಕರೆಸಿದರು. ಕೂರು ಅನ್ನಲಿಲ್ಲ. ಮೇಜಿನ ಮೇಲೆ ಟೈಪು ಮಾಡಿದ ಪತ್ರವಿತ್ತು. 'ಇಪ್ಪತ್ತೆರಡು ವರ್ಷಗಳಿಂದ ಮಹಿಳಾ ಓಟಗಾರರ ತರಬೇತಿಯಲ್ಲಿ' ಅನ್ನುವವರೆಗೆ ಅವಳು ತಲೆಕೆಳಗಾಗಿಯೇ ಓದಿಕೊಂಡಳು. ಕೆಳಗೆ ಸಹಿಯ ಜಾಗ ಖಾಲಿ. ನಾಳೆ ವಿಶ್ವವಿದ್ಯಾಲಯದಿಂದ ವೀಕ್ಷಕರು ಬರ್ತಾರೆ, ಗೆರೆ ಚೊಕ್ಕವಾಗಿರಲಿ, ಸಂಜೆ ಸಹಿ ಹಾಕ್ತೀನಿ ಅಂದರು.

ಅವಳಿಗೆ ಅಲ್ಲಿಂದ ಹೊರಡಬೇಕೆನಿಸಿತು. ಹೊರಡಲಿಲ್ಲ.

"ಸಾರ್, ನಾಳೆಗೆ ಮೊಳೆ ಒಂದು ಗೇಣು ಒಳಗೆ ತಗೊಳ್ಲಾ?"

"ಬೇಡ. ಇರೋ ಹಾಗೇ ಇರ್ಲಿ."

"ಸುತ್ತು ಉದ್ದ ಆಗಿದೆ ಸಾರ್."

"ಗೊತ್ತು."

ಅವಳು ಅವರ ಮುಖ ನೋಡಿದಳು. ಅವರು ಪೆನ್ನಿನ ಟೋಪಿ ತೆಗೆದು ಹಾಕಿ ಮಾಡುತ್ತಿದ್ದರು.

"ಹೋದ ವರ್ಷ ಬೇರೆ ಕಾಲೇಜಲ್ಲಿ ಅಳೆಯೋದು ನೋಡಿದೆ, ನಮ್ಮ ಆಯ್ಕೆ ಓಟಕ್ಕೆ ಒಂದು ವಾರ ಇರುವಾಗ. ನೀನು ಹೇಳಿದ್ದೇ ಸರಿ, ಆಯ್ತಾ? ಈಗ ಬದಲಾಯಿಸಿದ್ರೆ ಇಷ್ಟು ದಿನ ಏನ್ ಮಾಡ್ತಿದ್ರಿ ಅಂತಾರೆ. ನಾನು ಮೇಲೆ ಹೋಗೋ ಹೊತ್ತು, ನೀನು ಈ ಕುರ್ಚಿಗೆ ಬರೋ ಹೊತ್ತು. ಬಂದ್ಮೇಲೆ ನೀನೇ ಸರಿ ಮಾಡ್ಕೊ."

ಆಯ್ಕೆ ಓಟಕ್ಕೆ ಒಂದು ವಾರ ಇರುವಾಗ. ಅಂದರೆ ಆ ಹುಡುಗಿಗೆ ಹಸಿವಿಲ್ಲ ಅಂದಾಗ ಅವರಿಗೆ ಗೊತ್ತಿತ್ತು. ಸಿಟ್ಟು ನೆತ್ತಿಗೇರಬೇಕಿತ್ತು, ಏರಿತು ಕೂಡ. ಆದರೆ ಅದಕ್ಕೂ ಮುಂಚೆ ಹೊಟ್ಟೆಯಲ್ಲಿ ಹಳೇ ಕಿಚ್ಚೇ ಭಗ್ಗೆಂದಿತು. ತನ್ನದು ಅಂತ ಇದ್ದದ್ದು ಆ ಒಂದು ಗುಟ್ಟು. ಅದನ್ನೂ ಈ ಮನುಷ್ಯ ತೆಗೆದುಕೊಂಡು ಜೇಬಿಗೆ ಹಾಕಿಕೊಂಡು ವರ್ಷವಾಗಿತ್ತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅದನ್ನೇ ಅಗಿಯುತ್ತಾ ನಡೆದಳು. ಅವರೂ ಸುಮ್ಮನಿದ್ದರು, ಇವಳೂ ಸುಮ್ಮನಿದ್ದಳು. ಅವರು ಹೆಸರಿಗೆ, ಇವಳು ಕಿಚ್ಚಿಗೆ. ಓಡುತ್ತಿದ್ದ ಕಾಲಿಗೆ ಎರಡರಲ್ಲಿ ಏನು ವ್ಯತ್ಯಾಸ ಗೊತ್ತಾಗುತ್ತದೆ?

ಗಂಡ ಎಲ್ಲ ಕೇಳಿಸಿಕೊಂಡ. ತಮಾಷೆ ಮಾಡಲಿಲ್ಲ. ಮಿಷಿನ್ನಿನಿಂದ ಕಾಲು ತೆಗೆದು, ಮೊದಲು ಪತ್ರ ಕೈಗೆ ಬರಲಿ, ಇಪ್ಪತ್ತೆರಡು ವರ್ಷ ಸುಣ್ಣದಲ್ಲಿ ಬೆಂದಿದ್ದೀಯ, ಇನ್ನೊಂದು ದಿನ ಬೇಯಿ ಅಂದ. ಕೊಕ್ಕರೆ ಅಂದಳು ಇವಳು. ಅವನು, ಅದರ ಹಣೇಬರಹ ಅಂದ. ಅಂದು ತಾನೇ ಮುಖ ತಿರುಗಿಸಿಕೊಂಡ.

ಶುಕ್ರವಾರ ಬೆಳಕು ಬಿಡುವ ಹೊತ್ತಿಗೆ ಅವಳು ಮೈದಾನದಲ್ಲಿದ್ದಳು. ಪತ್ರವೇ ಬೇಕು ಅಂತ ನಿರ್ಧಾರ ಮಾಡಿಕೊಂಡೇ ಬಂದಿದ್ದಳು. ಹಳೇ ಮೊಳೆಗೆ ದಾರ ಕಟ್ಟಿದಳು. ಗಾಡಿಗೆ ಸುಣ್ಣ ತುಂಬಿದಳು. ಮೊದಲ ತಿರುವು ಅರ್ಧ ಮುಗಿಸಿದಳು. ಕೊಕ್ಕರೆ ಮೈ ಬಿಸಿ ಮಾಡಿಕೊಳ್ಳಲು ಬೇಗ ಬಂದವಳು, ಪಕ್ಕದಲ್ಲಿ ನಿಧಾನ ಓಡುತ್ತಾ ಗಾಡಿಯ ಜೊತೆ ನಡೆದಳು. ಯಾವತ್ತೂ ತಾನಾಗಿ ಮಾತಾಡದವಳು ಅವತ್ತು ಮಾತಾಡಿದಳು.

"ಅಕ್ಕ, ಹೋದ್ಸಲ ಸಾರ್ ಹೇಳಿದ್ದು ಸರಿ. ಆ ನೇರದಲ್ಲಿ ನಾನು ನಿದ್ದೆ ಹೊಡೆದೆ. ವರ್ಷವೆಲ್ಲ ಅದನ್ನೇ ಯೋಚನೆ ಮಾಡ್ದೆ. ಎಲ್ಲಿ ಹೊಡೆದೆ ಅಂತಾನೇ ಗೊತ್ತಾಗ್ತಿಲ್ಲ."

ಅಷ್ಟು ಹೇಳಿ ಹುಡುಗಿ ಮುಂದೆ ಓಡಿತು.

ಸುಣ್ಣದಕ್ಕ ಗಾಡಿ ನಿಲ್ಲಿಸಿದಳು. ತಾನೆಳೆದ ಗೆರೆಯನ್ನು ನೋಡಿದಳು. ನೇರವಾಗಿತ್ತು, ಚೊಕ್ಕವಾಗಿತ್ತು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅದನ್ನು ಒರೆಸಲು ಶುರುಮಾಡಿದಳು. ಒಡೆದ ಹಿಮ್ಮಡಿಗೆ ಸುಣ್ಣ ಇಳಿಯಿತು. ಉರಿಯಲಿ ಅಂದುಕೊಂಡಳು.

ಆಮೇಲೆ ಬಗ್ಗಿದಳು. ಅವಳ ಕೈ ಸಣ್ಣದು, ಹೆಬ್ಬೆರಳಿನಿಂದ ಕಿರುಬೆರಳಿಗೆ ಸರಿಯಾಗಿ ಇಪ್ಪತ್ತು ಸೆಂಟಿಮೀಟರು. ಸುತ್ತ ನೂರ ಇಪ್ಪತ್ತು ಮೊಳೆ. ಒಂದೊಂದು ಮೊಳೆಯ ಹತ್ತಿರವೂ ಮಂಡಿಯೂರಿ, ಗೇಣು ಇಟ್ಟು, ಒಳಗಡೆ ಹೊಸ ಮೊಳೆ ಹೊಡೆದಳು. ಹಳೆಯದನ್ನು ಕೀಳಲಿಲ್ಲ, ಸಾಕ್ಷಿಗಿರಲಿ. ಮೂವತ್ತನೇ ಮೊಳೆಯ ಹೊತ್ತಿಗೆ ಬಲಮಂಡಿ ಮಡಿಸಲು ಬರಲಿಲ್ಲ. ಕಾಲು ಚಾಚಿ ನೆಲದ ಮೇಲೆ ಕೂತು, ತೆವಳುತ್ತಾ ಹೋದಳು. ಅರವತ್ತಕ್ಕೆ ಬೆರಳು ಜಜ್ಜಿತು. ಬಾಯಲ್ಲಿಟ್ಟು ಚೀಪಿ, ಥೂ ಅಂತ ಉಗಿದು, ಮುಂದಕ್ಕೆ ಹೋದಳು. ಉಳಿದ ಹುಡುಗಿಯರು ಬಂದು ನಿಂತು ನೋಡಿದರು. ಯಾರೂ ಗಾಳಿಯಲ್ಲಿ ಕೈಯಗಲಿಸಲಿಲ್ಲ. ಕೊನೆಗೆ ಹೊಸ ಮೊಳೆಗಳಿಗೆ ದಾರ ಕಟ್ಟಿ, ಗಾಡಿ ತಳ್ಳಿ ಗೆರೆ ಎಳೆದಳು.

ಕೋಚ್ ಸಾರ್ ಎಂಟಕ್ಕೆ ವೀಕ್ಷಕರ ಜೊತೆ ಬಂದರು, ಹಿಂದೆ ಮೇಡಂ. ವೀಕ್ಷಕರು ವಯಸ್ಸಾದ ಮನುಷ್ಯ, ಟೋಪಿ ಹಾಕಿದ್ದರು. ಬಿಳಿ ಗೆರೆ ಒಂದು ಕಡೆ, ಹಳೇ ಮೊಳೆಗಳ ಸಾಲು ಇನ್ನೊಂದು ಕಡೆ. ಕೋಚ್ ಸಾರ್ ಮುಖದ ಬಣ್ಣ ಇಳಿಯಿತು. ನಕ್ಕು, ಇವಳು ಕೂಲಿಯವಳು ಸಾರ್, ದಾರ ತಪ್ಪಿ ಕಟ್ಟಿದಾಳೆ, ಹತ್ತು ನಿಮಿಷದಲ್ಲಿ ಸರಿ ಮಾಡಿಸ್ತೀನಿ ಅಂದರು. ಇವಳ ಹತ್ತಿರ ಬಂದು ದನಿ ತಗ್ಗಿಸಿದರು.

"ಪತ್ರ ಜೇಬಲ್ಲಿದೆ. ಈಗ್ಲೇ ಸಹಿ ಹಾಕ್ತೀನಿ. ಹಳೇ ಮೊಳೆಗೆ ಗೆರೆ ಎಳಿ."

"ಎಳೆಯಲ್ಲ."

"ಏನಂದೆ?"

"ಎಳೆಯಲ್ಲ ಅಂದೆ. ಎರಡು ವರ್ಷ ಎಳೆದೆ, ಸಾಕು."

ಆಮೇಲೆ ಅವಳು ದನಿ ತಗ್ಗಿಸಲಿಲ್ಲ. ವೀಕ್ಷಕರ ಕಡೆ ತಿರುಗಿ, ಗೆರೆಯ ಮೇಲೆ ಟೇಪು ಹಾಸಿದ್ದು, ಒಂದು ಸುತ್ತಿಗೆ ಒಂದೂಕಾಲು ಮೀಟರು ಹೆಚ್ಚಾದದ್ದು, ಹೋದ ವರ್ಷ ಒಂದು ಹುಡುಗಿ ಸೆಕೆಂಡಿನ ಹತ್ತರಲ್ಲಿ ಮೂರು ಪಾಲಿಗೆ ಹೊರಗುಳಿದದ್ದು, ಎಲ್ಲ ಹೇಳಿದಳು. ಸಾರ್‌ಗೆ ಗೊತ್ತಿತ್ತು ಅಂದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಲಿಲ್ಲ.

"ನಂಗೂ ಗೊತ್ತಿತ್ತು. ಮೊದಲನೇ ದಿನದಿಂದ ಗೊತ್ತಿತ್ತು. ಇವರ ಮೇಲಿನ ಹೊಟ್ಟೆಕಿಚ್ಚಿಗೆ ಬಾಯಿ ಮುಚ್ಕೊಂಡಿದ್ದೆ."

ವೀಕ್ಷಕರು ತಮ್ಮ ಗಾಡಿಯಿಂದ ಅಳತೆಯ ಚಕ್ರ ತರಿಸಿದರು. ಹಳೇ ಮೊಳೆಗಳಿಂದ ಒಂದು ಗೇಣು ಬಿಟ್ಟು ತಾವೇ ಒಂದು ಸುತ್ತು ತಳ್ಳಿದರು. ನಾನೂರ ಒಂದು ದಾಟಿ ಮುಳ್ಳು ನಿಂತಿತು. ಹೊಸ ಗೆರೆಯಿಂದ ಗೇಣು ಬಿಟ್ಟು ಇನ್ನೊಂದು ಸುತ್ತು. ನಾನೂರು. ಬೆವರು ಒರೆಸಿಕೊಂಡು, ಓಟ ಹೊಸ ಗೆರೆಯಲ್ಲಿ ನಡೀಲಿ ಅಂದರು. ಕೋಚ್ ಸಾರ್ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ತಳ್ಳಿದರು. ಮೇಡಂ ಸುಣ್ಣದಕ್ಕನಿಗೆ, ಪಕ್ಕದವರಿಗೂ ಕೇಳಿಸದಷ್ಟು ಮೆತ್ತಗೆ, ನಾಳೆಯಿಂದ ನೀನು ಬರೋದು ಬೇಡಮ್ಮ ಅಂದರು.

"ಆಯ್ತು. ಅರ್ಜಿ ಕೊಟ್ಟಿದೀನಲ್ಲ, ಅದನ್ನ ವಾಪಸ್ ತಗೊಳ್ಳಲ್ಲ. ಈಗ ಓಟ ಮುಗಿಯೋವರ್ಗೆ ಆ ಕಡೆ ನಿಂತ್ಕೊಳಿ ಮೇಡಂ, ಗೆರೆ ತುಳೀತಿದೀರ."

ಮೇಡಂ ಕಾಲು ತೆಗೆದರು.

ಕೊಕ್ಕರೆ ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಎದುರು ನಿಂತಳು. ಎರಡು ವರ್ಷದಿಂದನಾ ಅಕ್ಕ ಅಂತ ಕೇಳಿದಳು. ಹೂಂ ಅಂದಳು ಇವಳು. ಹುಡುಗಿ ತಿರುಗಿ ಓಟ ಶುರುವಾಗುವ ಗೆರೆಗೆ ಹೊರಟುಹೋದಳು.

ಓಡಿದಳು. ಮೊದಲ ಸುತ್ತನ್ನು ಕಲಿಸಿದ್ದಕ್ಕಿಂತ ಜೋರಾಗಿ ಓಡಿದಳು, ಸಿಟ್ಟಿನಲ್ಲಿ. ಸುಣ್ಣದಕ್ಕ ಒಳಗೊಳಗೇ ನಿಧಾನ, ನಿಧಾನ ಅಂದುಕೊಂಡಳು, ಬಾಯಿ ಬಿಡುವ ಧೈರ್ಯವಾಗಲಿಲ್ಲ. ಹಿಂಬದಿ ನೇರದಲ್ಲಿ ಹುಡುಗಿಯ ಭುಜ ಕಿವಿಗೇರಿತು, ತಾನೇ ಇಳಿಸಿಕೊಂಡಳು. ಕೊನೇ ತಿರುವಿನಲ್ಲಿ ಬಿಟ್ಟಳು. ವೀಕ್ಷಕರು ವಾಚು ಒತ್ತಿದರು. ಎರಡು ಹದಿಮೂರರ ಮೇಲೆ ಹತ್ತರಲ್ಲಿ ಏಳು.

ಹುಡುಗಿಯರು ಕಿರುಚಾಡಿದರು. ಕೊಕ್ಕರೆ ಯಾರ ಕಡೆಗೂ ಹೋಗದೆ ಗೆರೆಯ ಆಚೆ ನೆಲದ ಮೇಲೆ ಕುಸಿದು ಕೂತಳು. ವೀಕ್ಷಕರು ಫಾರಂ ಹಿಡಿದು ಅವಳ ಹತ್ತಿರ ಹೋದರು. ಹೆಸರು, ವಯಸ್ಸು, ಸಮಯ ಬರೆದುಕೊಂಡರು. ಪೆನ್ನು ನಿಲ್ಲಿಸಿ, ತಯಾರು ಮಾಡಿದ ಕೋಚ್ ಯಾರಮ್ಮ ಅಂತ ಕೇಳಿದರು. ಕೋಚ್ ಸಾರ್ ಒಂದು ಹೆಜ್ಜೆ ಮುಂದೆ ಬಂದರು. ಸುಣ್ಣದಕ್ಕ ಇದ್ದಲ್ಲೇ ನಿಂತಳು, ಆದರೆ ಅವಳ ಎದೆ ಒಂದು ಹೆಜ್ಜೆ ಮುಂದೆ ಹೋಯಿತು.

ಹುಡುಗಿ ಇಬ್ಬರನ್ನೂ ನೋಡಿದಳು.

"ಖಾಲಿ ಬಿಡಿ ಸಾರ್. ಇಬ್ಬರಿಗೂ ಗೊತ್ತಿತ್ತಂತೆ."

ವೀಕ್ಷಕರು ಖಾಲಿ ಬಿಟ್ಟರು.

ಕೋಚ್ ಸಾರ್ ಮೈದಾನ ದಾಟಿ ಹೋದರು. ಆ ಮನುಷ್ಯನ ಹೆಸರು ಅಲ್ಲಿರಬಾರದು ಅಂತ ಇಪ್ಪತ್ತೆರಡು ವರ್ಷ ಹೊಟ್ಟೆ ಉರಿದುಕೊಂಡಿದ್ದಳು ಸುಣ್ಣದಕ್ಕ. ಈಗ ಇರಲಿಲ್ಲ. ಬೇಕಾಗಿದ್ದದ್ದು ಸಿಕ್ಕಿತ್ತು. ಅವಳು ಜಜ್ಜಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು. ಹುಡುಗಿ ಕೂತೇ ಇತ್ತು, ಬೆವೆತ ಮೈ, ಮಡಿಸಿದ ಕಾಲು, ಮಂಡಿಗೆ ಹಣೆ ಒತ್ತಿಕೊಂಡು.

"ಕೂತ್ಕೋಬೇಡ," ಅಂದಳು ಸುಣ್ಣದಕ್ಕ. "ಎದ್ದು ನಡಿ. ಕಾಲು ಹಿಡ್ಕೊಳುತ್ತೆ."

ಹುಡುಗಿ ತಲೆ ಎತ್ತಲಿಲ್ಲ. ಆಮೇಲೆ ಕೈಯೂರಿ ಎದ್ದು, ಇವಳಿಗೆ ಬೆನ್ನು ಮಾಡಿ, ನಡೆಯತೊಡಗಿತು.